ಘಟ್ಟದಲ್ಲಿ ನಿಲ್ಲುವ ಕಾರು, ಗ್ಯಾರೇಜಿನಲ್ಲಿ ಓಡುವ ಕಾರು

ವಿದ್ಯಾರ್ಥಿ ಮಿತ್ರರೇ, ಹಲ್ಲುನೋವು ವೈದ್ಯರ ಬಾಗಿಲಿಗೆ ಹೋದೊಡನೆ ಮಾಯವಾಗುವುದನ್ನು ನೀವು ಕಂಡಿದ್ದೀರಿ. ಯಂತ್ರಗಳಿಗೂ ಈ ಗುಣವುಂಟು. ರಸ್ತೆಯಲ್ಲಿ ಕೈಕೊಟ್ಟ ಗಾಡಿ ಮೆಕ್ಯಾನಿಕ್ಕನ ಮುಂದೆ ಸಾಧುವಾಗಿ ಗುರುಗುಟ್ಟುತ್ತ ನಿಲ್ಲುತ್ತದೆ. "ಏನೂ ಆಗಿಲ್ಲವಲ್ಲ ಸ್ವಾಮೀ" ಎಂದು ಅವನು ಕೈ ಒರೆಸಿಕೊಳ್ಳುತ್ತಾನೆ. ಯಜಮಾನ ಮನೆಯ ದಾರಿ ಹಿಡಿಯುತ್ತಾನೆ. ಮರುವಾರ ಅದೇ ತಿರುವಿನಲ್ಲಿ ಗಾಡಿ ಮತ್ತೆ ನಿಲ್ಲುತ್ತದೆ.

ಇಂಥ ಅಡಗಿದ ದೋಷವನ್ನು ಹಿಡಿಯುವುದು ಹೇಗೆ? ಕಿರುತೆರೆಯ ಮಾತುಕತೆಯಲ್ಲಿ ಈ ಪ್ರಶ್ನೆಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಉತ್ತರ ಹೇಳಿಬಿಡಬಹುದು, ಉತ್ತರಕ್ಕೆ ಹೋದ ದಾರಿಯನ್ನು ಹೇಳಲಾಗದು. ನಿಮಗೆ ಬೇಕಾದದ್ದು ಆ ದಾರಿಯೇ ಆದ್ದರಿಂದ ಈ ಪುಟಗಳನ್ನು ಅದಕ್ಕಾಗಿ ಬಳಸಿಕೊಳ್ಳುತ್ತಿದ್ದೇನೆ.

ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಕಾರಿನ ಯಜಮಾನ ಕಲ್ಪನೆಯವನು; ಊರು, ರಸ್ತೆ, ಎಂಜಿನ್ನಿನ ವಿಜ್ಞಾನ ನಿಜವಾದವು. ಶಿರಸಿಯ ಅಡಿಕೆ ಬೆಳೆಗಾರರೊಬ್ಬರ ಮಗ ಹಳೆಯ ಸಿಪಾನಿ ಡಾಲ್ಫಿನ್ ಕಾರೊಂದನ್ನು ಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಈ ಕಾರಿನ ಹೆಸರು ನಿಮ್ಮಲ್ಲಿ ಹೆಚ್ಚಿನವರಿಗೆ ಹೊಸದಾಗಿರಬಹುದು. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಎರಡು ಬಾಗಿಲಿನ ಚಿಕ್ಕ ಕಾರು ಅದು. ಬ್ರಿಟನ್ನಿನ ರಿಲಾಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿದ್ದು. 848 ಘನ ಸೆಂಟಿಮೀಟರಿನ ಅಲ್ಯೂಮಿನಿಯಂ ಎಂಜಿನ್, ಉಕ್ಕಿನ ಚಾಸಿ, ಅದರ ಮೇಲೆ ಗಾಜುನಾರಿನ, ಅಂದರೆ ಫೈಬರ್‌ಗ್ಲಾಸಿನ ಮೈ. ಮೈ ಹಗುರವಾದ್ದರಿಂದ ಓಟ ಚುರುಕು. ಚೆನ್ನೈ ಬಳಿಯ ಶೋಲಾವರಂನ ಪಂದ್ಯಗಳಲ್ಲಿ, ರ‍್ಯಾಲಿಗಳಲ್ಲಿ ಎಂಬತ್ತರ ದಶಕದ ಹುಡುಗರು ಇದನ್ನು ಹುರುಪಿನಿಂದ ಓಡಿಸಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪೇಟೆ ಅದರ ಪಾಲಾಯಿತು; ಡಾಲ್ಫಿನ್ ಹವ್ಯಾಸಿಗಳ ಕೊಟ್ಟಿಗೆ ಸೇರಿತು. ನಮ್ಮ ಹುಡುಗನ ಕಾರಿಗೆ ಹಿಂದಿನ ಯಜಮಾನ ರ‍್ಯಾಲಿಯ ಆಸೆಗೆ ಎಂಜಿನ್ ವೇಗ ತೋರಿಸುವ ಮುಳ್ಳಿನ ಮೀಟರೊಂದನ್ನು ಕೂಡಿಸಿದ್ದಾನೆ. ಈ ಮೀಟರು ಮುಂದೆ ಮುಖ್ಯ ಸಾಕ್ಷಿಯಾಗುತ್ತದೆ, ನೆನಪಿಡಿ.

ಕಾರಿನ ಕಾಯಿಲೆ ಹೀಗಿದೆ. ಕುಮಟೆಯಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ಏರಿನಲ್ಲಿ ಎಂಜಿನ್ ಹಠಾತ್ತನೆ ನಿಂತುಹೋಗುತ್ತದೆ. ನಾಲ್ಕು ಸಲ ಏರಿದರೆ ಸುಮಾರು ಮೂರು ಸಲ ಹೀಗೆ. ಹತ್ತು ಹದಿನೈದು ನಿಮಿಷ ಬಾನೆಟ್ಟು ಎತ್ತಿ ಕಾದರೆ ಏನೂ ಆಗದವರಂತೆ ಮತ್ತೆ ಚಾಲೂ. ಶಿರಸಿಯ ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಓಡಿಸಿದರೂ ನಿಲ್ಲುವುದಿಲ್ಲ. ಮಳೆಗಾಲದ ಇರುಳು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ಹಿಂದಿನಿಂದ ಲಾರಿ ಬರುತ್ತಿರುವ ತಿರುವಿನಲ್ಲಿ ದೀಪ ಮಂಕಾದ ಕಾರು ನಿಂತರೆ ಏನಾದೀತು? ದೊಡ್ಡ ಆಸ್ಪತ್ರೆಗೆಂದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದ ಜಿಲ್ಲೆ ಇದು. ಕಾರಿನ ಹಿಂದಿನ ಸೀಟಿನಲ್ಲಿ ಕಾಯಿಲೆಯವರಿದ್ದರಂತೂ ಮಾತೇ ಬೇಡ.

ಇಂಥಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಒಬ್ಬರು ಕಾರ್ಬ್ಯುರೇಟರು ಎನ್ನುತ್ತಾರೆ, ಅದನ್ನು ಬಿಚ್ಚಿ ತೊಳೆಯಲಾಗುತ್ತದೆ. ಇನ್ನೊಬ್ಬರು ಪೆಟ್ರೋಲ್ ಪಂಪು ಎನ್ನುತ್ತಾರೆ, ಅದು ಬದಲಾಗುತ್ತದೆ. ಮತ್ತೊಬ್ಬರು ಕಾಯಿಲು ಎನ್ನುತ್ತಾರೆ. ದೇವಿಮನೆಯಲ್ಲಿ ಕಾಯಿ ಒಡೆಸಿ ಮುಂದೆ ಹೋಗು ಎನ್ನುವವರೂ ಇರುತ್ತಾರೆ. ಒಡೆಸಲಿ, ಅಡ್ಡಿಯಿಲ್ಲ, ಖರ್ಚಂತೂ ಕಡಿಮೆ. ಆದರೆ ತಯಾರಿಕೆ ನಿಂತುಹೋದ ಕಾರಿಗೆ ಬಿಡಿಭಾಗ ಹುಡುಕುವುದೆಂದರೆ ಊರೂರು ತಿರುಗುವ ಕೆಲಸ. ಒಂದೊಂದೇ ಭಾಗ ಬದಲಿಸುತ್ತ ಹೋಗುವುದನ್ನು ನಾನು ರಿಪೇರಿ ಎನ್ನಲಾರೆ. ಅದು ಲಾಟರಿ. ಕೊನೆಗೊಮ್ಮೆ ಕಾರು ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ 'ಏನು ಕೆಟ್ಟಿದೆ' ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು 'ಯಾವಾಗ ಕೆಡುತ್ತದೆ' ಎಂದು ಕೇಳೋಣ.

ಯಾವಾಗ? ಏರಿನಲ್ಲಿ. ಏರಿನಲ್ಲಿ ಎಂಜಿನ್ನಿಗೆ ಆಗುವುದೇನು? ಲೆಕ್ಕ ಹಾಕಿ ನೋಡಿ. ಕುಮಟೆ ಕಡಲ ಮಟ್ಟದಲ್ಲಿದೆ, ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ ಕಾರಿನ ತೂಕ 800 ಕಿಲೋ ಎನ್ನಿ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ಸುಮಾರು 46 ಲಕ್ಷ ಜೂಲ್ ಬರುತ್ತದೆ. ಕಾರನ್ನು ಮೇಲೆತ್ತುವುದಕ್ಕೇ ಇಷ್ಟು ಬೇಕು. ಇಂಥ ಹಳೆಯ ಪೆಟ್ರೋಲ್ ಎಂಜಿನ್ನು ತಿಂದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಕೆಲಸಕ್ಕೆ ಕೊಡುತ್ತದೆ. ಉಳಿದ ಮುಕ್ಕಾಲು ಶಾಖ. ಅಂದರೆ ಈ ಏರಿಗೆಂದೇ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು ಉರಿದು, ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜೂಲ್ ಶಾಖ ಹೊರಬೀಳುತ್ತದೆ. ನಲವತ್ತೈದು ಲೀಟರಿನ ಹಂಡೆಯಲ್ಲಿ ತಣ್ಣೀರಿಟ್ಟು ಕುದಿಯುವವರೆಗೆ ಕಾಯಿಸುವಷ್ಟು ಶಾಖ ಅದು! ಒಂದಷ್ಟು ಹೊಗೆಯ ಕೊಳವೆಯಲ್ಲಿ ಹೋಗುತ್ತದೆ ನಿಜ. ಆದರೆ ಎರಡನೆಯ ಗೇರಿನಲ್ಲಿ ತೆವಳುವ ಕಾರಿಗೆ ಎದುರುಗಾಳಿಯೂ ಕಡಿಮೆ. ಬಾನೆಟ್ಟಿನ ಅಡಿಯಲ್ಲಿ ಬಚ್ಚಲ ಒಲೆಯ ಬಿಸಿ ತುಂಬಿಕೊಳ್ಳುತ್ತದೆ.

ಹಾಗಾದರೆ ಬಿಸಿಯೇ ಕಾರಣವೇ? ತಡೆಯಿರಿ. ಹುಡುಗನನ್ನು ಕೇಳಿದರೆ ಅವನು ಇನ್ನೊಂದು ಸಂಗತಿ ಹೇಳುತ್ತಾನೆ: "ಟ್ಯಾಂಕು ತುಂಬಿಸಿದ ದಿನವೇ ಹೀಗಾಗುತ್ತದೆ, ಪೆಟ್ರೋಲಿನಲ್ಲೇ ಏನೋ ಇದೆ." ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದಕ್ಕೂ ಭೌತಶಾಸ್ತ್ರದ ಬೆಂಬಲವಿದೆ.

ಪೆಟ್ರೋಲ್ ಟ್ಯಾಂಕಿಗೆ ಗಾಳಿ ಒಳಬರಲು ಒಂದು ಸಣ್ಣ ದಾರಿ ಬೇಕು. ಹಳೆಯ ಕಾರುಗಳಲ್ಲಿ ಅದು ಹೆಚ್ಚಾಗಿ ಮುಚ್ಚಳದಲ್ಲೇ ಇರುತ್ತದೆ. ಧೂಳಿನಿಂದ ಅದು ಕಟ್ಟಿಕೊಂಡರೆ, ಪೆಟ್ರೋಲು ಖರ್ಚಾದಂತೆ ಟ್ಯಾಂಕಿನೊಳಗಿನ ಗಾಳಿ ತೆಳುವಾಗುತ್ತ ಹೋಗುತ್ತದೆ. ಪಂಪು ಒಂದು ಹಂತದ ಮೇಲೆ ಎಳೆಯಲಾರದೆ ಸೋಲುತ್ತದೆ. ಎಂಜಿನ್ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಸ್ವಲ್ಪ ಗಾಳಿ ಸೋರಿ ಒಳಸೇರಿದರೆ ಮತ್ತೆ ಚಾಲೂ. ನೋಡಿದಿರಾ, ಇದರ ಲಕ್ಷಣವೂ ತದ್ರೂಪ!

ಇಲ್ಲಿ ಬಾಯ್ಲನ ನಿಯಮ ಬರುತ್ತದೆ. 30 ಲೀಟರಿನ ಟ್ಯಾಂಕಿನಲ್ಲಿ 28 ಲೀಟರ್ ತುಂಬಿಸಿದರೆ ಮೇಲೆ 2 ಲೀಟರಿನಷ್ಟೇ ಗಾಳಿಯ ಜಾಗ. ಅರ್ಧ ಲೀಟರ್ ಖರ್ಚಾದರೆ ಆ ಗಾಳಿ ಎರಡೂವರೆ ಲೀಟರಿಗೆ ಹಿಗ್ಗಬೇಕು; ಒತ್ತಡ ಐದನೆಯ ಒಂದು ಭಾಗ ಕುಸಿಯುತ್ತದೆ. ಅದೇ ಟ್ಯಾಂಕು ಅರ್ಧ ಖಾಲಿಯಾಗಿದ್ದರೆ ಅಷ್ಟೇ ಕುಸಿತಕ್ಕೆ ಮೂರು ಮುಕ್ಕಾಲು ಲೀಟರ್ ಖರ್ಚಾಗಬೇಕು. ಪೆಟ್ರೋಲಿನ ಆವಿ ಕೊರತೆಯನ್ನು ಸ್ವಲ್ಪ ತುಂಬಿಕೊಡುವುದರಿಂದ ನಿಜವಾದ ಅಂಕಿ ಇಷ್ಟು ಕಟುವಾಗಿರದು. ಆದರೂ ಲೆಕ್ಕದ ದಿಕ್ಕು ಸ್ಪಷ್ಟ: ಟ್ಯಾಂಕು ತುಂಬಿದ್ದಷ್ಟೂ ಬೇಗ ನಿಲ್ಲಬೇಕು. ಹುಡುಗನ ಮಾತಿನಲ್ಲಿ ಹುರುಳಿದೆ.

ಈಗ ಇಬ್ಬರು ಸಂಶಯಿತರು ನಮ್ಮ ಮುಂದಿದ್ದಾರೆ, ಬಿಸಿ ಮತ್ತು ತುಂಬಿದ ಟ್ಯಾಂಕು. ಇವರನ್ನು ಬೇರ್ಪಡಿಸುವುದು ಹೇಗೆ? ಮೂರು ತಾಲ್ಲೂಕುಗಳ ರಸ್ತೆಗಳೇ ಇಲ್ಲಿ ಪ್ರಯೋಗಶಾಲೆಯಾಗುತ್ತವೆ, ಇದಕ್ಕೆ ಉಪಕರಣವೇ ಬೇಡ.

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿ ಘಟ್ಟದ ಮೇಲೇ ಇದೆ. ಅಲ್ಲಲ್ಲಿ ಏರಿಳಿತ ಉಂಟು, ದೀರ್ಘವಾದ ಏರಿಲ್ಲ. ಟ್ಯಾಂಕು ತುಂಬಿಸಿ ಸಿದ್ದಾಪುರಕ್ಕೆ ಹೋಗಿಬರಲಿ. ಪೆಟ್ರೋಲು ಸಾಕಷ್ಟು ಖರ್ಚಾಗುತ್ತದೆ, ಹೊತ್ತೂ ಹಿಡಿಯುತ್ತದೆ, ಬಿಸಿ ಮಾತ್ರ ಅಷ್ಟು ಏರುವುದಿಲ್ಲ. ಮುಚ್ಚಳದ ದೋಷವಾಗಿದ್ದರೆ ಈ ದಾರಿಯಲ್ಲೂ ಕಾರು ನಿಲ್ಲಬೇಕು. ಇನ್ನೊಂದು ದಿನ ಟ್ಯಾಂಕು ಅರ್ಧ ಮಾಡಿಕೊಂಡು ಘಟ್ಟ ಇಳಿದು ಏರಲಿ. ಬಿಸಿಯ ದೋಷವಾಗಿದ್ದರೆ ಟ್ಯಾಂಕು ಎಷ್ಟೇ ಇರಲಿ, ಇಲ್ಲಿ ನಿಲ್ಲಬೇಕು. ನಮ್ಮ ಕಥೆಯಲ್ಲಿ ಹುಡುಗ ಎರಡನ್ನೂ ಮಾಡಿದ. ತುಂಬಿದ ಟ್ಯಾಂಕಿನೊಂದಿಗೆ ಸಿದ್ದಾಪುರದ ದಾರಿಯಲ್ಲಿ ಕಾರು ಒಮ್ಮೆಯೂ ನಿಲ್ಲಲಿಲ್ಲ. ಅರ್ಧ ಟ್ಯಾಂಕಿನಲ್ಲಿ ದೇವಿಮನೆಯಲ್ಲಿ ನಿಂತಿತು. ಯಲ್ಲಾಪುರದ ಕಡೆಯ ಅರಬೈಲು ಘಟ್ಟ, ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಲಾರಿಗಳು ಏದುಸಿರು ಬಿಡುತ್ತ ಏರುವ ಜಾಗ, ಅಲ್ಲಿಯೂ ಅರ್ಧ ಟ್ಯಾಂಕಿನಲ್ಲೇ ನಿಂತಿತು. ಎರಡು ಬೇರೆ ಘಟ್ಟಗಳಲ್ಲಿ ಒಂದೇ ನಡವಳಿಕೆ ಎಂದಾಗ ದೋಷ ಜಾಗದ್ದಲ್ಲ, ಏರಿನ ಬಿಸಿಯದ್ದು ಎಂಬುದು ಗಟ್ಟಿಯಾಯಿತು.

ಹಾಗಾದರೆ 'ತುಂಬಿಸಿದ ದಿನವೇ ನಿಲ್ಲುತ್ತದೆ' ಎಂಬ ಮಾತು ಎಲ್ಲಿಂದ ಬಂತು? ದೂರದ ಪ್ರಯಾಣಕ್ಕೆ ಹೊರಡುವ ದಿನವೇ ಯಾರಾದರೂ ಟ್ಯಾಂಕು ತುಂಬಿಸುವುದು. ದೂರದ ಪ್ರಯಾಣವೆಂದರೆ ಈ ಸೀಮೆಯಲ್ಲಿ ಘಟ್ಟ ಇಳಿಯುವುದು. ತುಂಬಿದ ಟ್ಯಾಂಕು ಘಟ್ಟದ ಜೊತೆಗಾರ ಅಷ್ಟೇ, ಅಪರಾಧಿಯಲ್ಲ. ಹುಡುಗ ಕಂಡದ್ದು ಸುಳ್ಳಲ್ಲ. ಅದಕ್ಕೆ ಅವನು ಹಚ್ಚಿದ ಅರ್ಥ ತಪ್ಪು.

ಇಲ್ಲೊಂದು ಉಪಕಥೆ. ನಿಂತ ಕಾರಿನ ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ 'ಬುಸ್' ಎಂಬ ಸದ್ದು ಬಂದರೆ, ಕೂಡಲೇ 'ಗಾಳಿದಾರಿ ಕಟ್ಟಿದೆ' ಎಂದು ತೀರ್ಪು ಕೊಡುವವರಿದ್ದಾರೆ. ಸದ್ದು ಸಾಕ್ಷಿಯಲ್ಲ, ಗಾಳಿಯ ದಿಕ್ಕು ಸಾಕ್ಷಿ. ತೆಳುವಾದ ಕಾಗದದ ಚೂರನ್ನು ಹತ್ತಿರ ಹಿಡಿದರೆ ಅದು ಒಳಕ್ಕೆ ಸೆಳೆಯುತ್ತದೋ ಹೊರಕ್ಕೆ ಹಾರುತ್ತದೋ ತಿಳಿಯುತ್ತದೆ. ಒಳಕ್ಕೆ ಸೆಳೆದರೆ ಟ್ಯಾಂಕಿನಲ್ಲಿ ಕೊರತೆಯಿದೆ. ಹೊರಕ್ಕೆ ಹಾರಿದರೆ ಒಳಗೆ ಒತ್ತಡ ಹೆಚ್ಚಿದೆ, ಪಂಪಿಗೆ ಅದರಿಂದ ತೊಂದರೆಯಿಲ್ಲ. ಕೆಳಗಿನ ಊರಿನಲ್ಲಿ ಮುಚ್ಚಿದ ಟ್ಯಾಂಕು ಮೇಲೇರಿದಾಗ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಆರೇಳು ಪಾಲು ಇಳಿದಿರುತ್ತದೆ, ಬಿಸಿಗೆ ಪೆಟ್ರೋಲು ಆವಿಯೂ ಆಗಿರುತ್ತದೆ. ಹಾಗಾಗಿ ಹೊರಕ್ಕೆ ಬುಸುಗುಡುವುದು ಸಹಜವೇ.

ಬಿಸಿ ಎಂದು ತಿಳಿದದ್ದರಿಂದ ಕೆಲಸ ಮುಗಿಯಲಿಲ್ಲ. ಬಿಸಿ ಯಾವುದನ್ನು ಕೆಡಿಸುತ್ತಿದೆ? ಪೆಟ್ರೋಲನ್ನೋ, ಕಿಡಿಯನ್ನೋ? ಎಂಜಿನ್ ಓಡಲು ಇವೆರಡೂ ಬೇಕು, ಜೊತೆಗೆ ಗಾಳಿ.

ಪೆಟ್ರೋಲು ಒಂದೇ ಕುದಿಬಿಂದುವಿನ ದ್ರವವಲ್ಲ. ಅದರ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ, ಭಾರದವು 200ರ ಸುತ್ತ. ಬಿಸಿಯಾದ ಕೊಳವೆಯಲ್ಲಿ ಆವಿಯ ಗುಳ್ಳೆ ಸಿಕ್ಕಿಕೊಂಡರೆ ಪಂಪು ಗುಳ್ಳೆಯನ್ನೇ ಹಿಂಡುತ್ತ ಕೂರುತ್ತದೆ, ಪೆಟ್ರೋಲು ಮುಂದೆ ಹೋಗುವುದಿಲ್ಲ. 2023ರಿಂದ ನಮ್ಮ ಪಂಪುಗಳಿಗೆ ಬರತೊಡಗಿದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಕಾರುಗಳಿಗೆ ಬೇರೆಯೇ ಚಿಂತೆಯೂ ಇದೆ: ಅದಕ್ಕೆ ಒಗ್ಗದ ಹಳೆಯ ರಬ್ಬರ್ ಕೊಳವೆಗಳು ಉಬ್ಬುತ್ತವೆ, ಟ್ಯಾಂಕಿನ ಗೋಡೆಯ ಹಳೆಯ ಅಂಟು ಕರಗಿ ಬಂದು ಸೋಸುಕದಲ್ಲಿ ಕೂರುತ್ತದೆ.

ಕಿಡಿಯ ಕಥೆ ಬೇರೆ. ಬ್ಯಾಟರಿಯ 12 ವೋಲ್ಟಿನಿಂದ ಪ್ಲಗ್ಗಿಗೆ ಬೇಕಾದ 20,000 ವೋಲ್ಟ್ ಹೇಗೆ ಬರುತ್ತದೆ? ಕಾಯಿಲಿನೊಳಗಿನ ದಪ್ಪ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತಿರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಎಂಬ ಪುಟ್ಟ ಸ್ವಿಚ್ಚು ತೆರೆದುಕೊಂಡ ಕ್ಷಣ ಆ ಹರಿವು ಕಡಿದುಹೋಗುತ್ತದೆ; ಕಾಂತಕ್ಷೇತ್ರ ಕುಸಿಯುತ್ತದೆ; ಸಾವಿರಾರು ಸುತ್ತಿನ ತೆಳು ತಂತಿಯಲ್ಲಿ ಭಾರೀ ವೋಲ್ಟೇಜು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಪ್ರೇರಣೆಯ ತತ್ತ್ವವೇ ಇದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಪುಟ್ಟ ಸ್ವಿಚ್ಚು ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಅದರ ಜೊತೆಗೆ ಕಂಡೆನ್ಸರು ಎಂಬ ಸಣ್ಣ ಡಬ್ಬಿ. ಪಾಯಿಂಟು ತೆರೆಯುವಾಗ ಅಲ್ಲಿ ಕಿಡಿ ಹಾರಿ ಶಕ್ತಿ ಪೋಲಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಾಯಿಲು, ಕಂಡೆನ್ಸರು, ತಂತಿ, ಸ್ವಿಚ್ಚು ಇವುಗಳಲ್ಲಿ ಯಾವುದು ಬೇಕಾದರೂ ಬಿಸಿಗೆ ಕೈಕೊಟ್ಟು ತಣ್ಣಗಾದಾಗ ಸರಿಹೋಗಬಹುದು.

ಪೆಟ್ರೋಲೋ ಕಿಡಿಯೋ ಎಂಬುದನ್ನು ಕಾರು ಸಾಯುವ ರೀತಿಯೇ ಹೇಳುತ್ತದೆ. ಪೆಟ್ರೋಲು ಕಡಿಮೆಯಾದರೆ ಎಂಜಿನ್ ಕೆಮ್ಮುತ್ತ, ಎಳೆದಾಡುತ್ತ, ಒಮ್ಮೆ ಚೇತರಿಸಿಕೊಂಡು ಮತ್ತೆ ಕುಗ್ಗುತ್ತ ಸಾಯುತ್ತದೆ. ಕಿಡಿ ಹೋದರೆ ದೀಪ ಆರಿಸಿದಂತೆ ಒಂದೇ ಏಟಿಗೆ. ಇದಕ್ಕಿಂತ ನಿಖರವಾದ ಸಾಕ್ಷಿ ಆ ಮುಳ್ಳಿನ ಮೀಟರು. ಅದು ಎಂಜಿನ್ನಿನ ವೇಗವನ್ನು ಅಳೆಯುವುದು ಕಾಯಿಲಿನ ಹರಿವು ಎಷ್ಟು ಸಲ ಕಡಿದುಹೋಯಿತು ಎಂದು ಎಣಿಸಿ. ಗೇರಿನಲ್ಲಿರುವ ಕಾರು ಸತ್ತ ಮೇಲೂ ಒಂದೆರಡು ಕ್ಷಣ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆ ಕ್ಷಣದಲ್ಲಿ ಮುಳ್ಳು ಎಂಜಿನ್ನಿನೊಂದಿಗೆ ಮೆಲ್ಲಗೆ ಇಳಿದರೆ ಕಾಯಿಲಿಗೆ ಹೋಗಿಬರುವ ಹರಿವು ಸರಿಯಿದೆ ಎಂದರ್ಥ, ಪೆಟ್ರೋಲನ್ನು ಹುಡುಕಿ. ಎಂಜಿನ್ ತಿರುಗುತ್ತಿರುವಾಗಲೇ ಮುಳ್ಳು ಧೊಪ್ಪನೆ ಸೊನ್ನೆಗೆ ಬಿದ್ದರೆ ಹರಿವೇ ಹೋಗಿದೆ. ಓಡಿಸುವವನು ರಸ್ತೆ ನೋಡಲಿ, ಮುಳ್ಳನ್ನು ಪಕ್ಕದಲ್ಲಿ ಕೂತವನು ನೋಡಬೇಕು.

ನಮ್ಮ ಕಾರಿನಲ್ಲಿ ಮುಳ್ಳು ಧೊಪ್ಪನೆ ಬಿತ್ತು. ಒಂದೇ ನೋಟಕ್ಕೆ ಕಾರ್ಬ್ಯುರೇಟರು, ಪಂಪು, ಮುಚ್ಚಳ, ಸೋಸುಕ, ಎಥನಾಲು ಎಲ್ಲವೂ ಆರೋಪಮುಕ್ತ!

ಉಳಿದದ್ದು ಬ್ಯಾಟರಿಯಿಂದ ಹೊರಟು ಕೀಲಿ ಸ್ವಿಚ್ಚು, ಕಾಯಿಲು, ಪಾಯಿಂಟು ದಾಟಿ ಎಂಜಿನ್ನಿನ ಲೋಹದ ಮೂಲಕ ಬ್ಯಾಟರಿಗೆ ಮರಳುವ ಒಂದು ವರ್ತುಲ. ಅದು ಎಲ್ಲೋ ಕಡಿಯುತ್ತಿದೆ. ಎಲ್ಲಿ? ಎರಡು ಸಣ್ಣ ಬಲ್ಬುಗಳು ಸಾಕು. ಒಂದನ್ನು ಕಾಯಿಲಿಗೆ ವಿದ್ಯುತ್ತು ಬರುವ ತುದಿಗೂ ಭೂಸಂಪರ್ಕಕ್ಕೂ ನಡುವೆ, ಇನ್ನೊಂದನ್ನು ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತುದಿಗೂ ಭೂಸಂಪರ್ಕಕ್ಕೂ ನಡುವೆ ಜೋಡಿಸಿ, ಉದ್ದ ತಂತಿಯಿಂದ ಕಾರಿನೊಳಗೆ ತಂದುಕೊಳ್ಳಬೇಕು. ಮೊದಲನೆಯದು ಸದಾ ಉರಿಯುತ್ತದೆ. ಎರಡನೆಯದು ಪಾಯಿಂಟು ಮುಚ್ಚಿದಾಗ ಆರಿ, ತೆರೆದಾಗ ಹೊತ್ತಿ, ಓಡುವ ಎಂಜಿನ್ನಿನಲ್ಲಿ ಮಿಣುಕುತ್ತಿರುತ್ತದೆ.

ಕಾರು ಸತ್ತ ಕ್ಷಣ ಮೊದಲ ಬಲ್ಬು ಆರಿದರೆ ಕೀಲಿ ಸ್ವಿಚ್ಚಿನ ಕಡೆಯ ದೋಷ. ಮೊದಲನೆಯದು ಉರಿಯುತ್ತಿದ್ದು ಎರಡನೆಯದು ಕತ್ತಲಾದರೆ ಕಾಯಿಲಿನ ಸುರುಳಿ ಕಡಿದಿರಬೇಕು, ಇಲ್ಲವೇ ಕಂಡೆನ್ಸರು ಸುಟ್ಟು ವಿದ್ಯುತ್ತನ್ನು ನೇರವಾಗಿ ನೆಲಕ್ಕೆ ಬಿಡುತ್ತಿರಬೇಕು. ಎರಡನೆಯದು ಮಿಣುಕದೆ ಸ್ಥಿರವಾಗಿ ಉರಿದರೆ? ಕಾಯಿಲಿನವರೆಗೆ ಎಲ್ಲ ಸರಿ, ಪಾಯಿಂಟಿನ ಮೂಲಕ ವಿದ್ಯುತ್ತು ಮರಳಲು ದಾರಿ ಸಿಗುತ್ತಿಲ್ಲ. ಈ ಪರೀಕ್ಷೆಯ ಸೊಗಸು ನೋಡಿ: ಉತ್ತರ ಯಾವುದೇ ಬಂದರೂ ಒಂದಷ್ಟು ಸಂಶಯಿತರು ಮನೆಗೆ ಹೋಗುತ್ತಾರೆ. ಭಾಗ ಬದಲಿಸುವ ರಿಪೇರಿಯಲ್ಲಿ ಹಾಗಲ್ಲ. ಅಲ್ಲಿ ಸೋತರೆ ಹಣ ಹೋಗುತ್ತದೆ, ತಿಳಿವಳಿಕೆ ಏನೂ ಬರುವುದಿಲ್ಲ.

ಒಂದು ಎಚ್ಚರಿಕೆ. ಈ ಜೋಡಣೆ ಅನುಭವಿ ಮೆಕ್ಯಾನಿಕ್ಕರ ಕೈಯಲ್ಲಿ ಆಗಬೇಕು. ಪ್ಲಗ್ಗಿನ ತಂತಿಯನ್ನು ಕಿತ್ತು ಕಿಡಿ ಹಾರಿಸಿ ನೋಡುವ ಚಪಲ ಬೇಡ. ಬಿಸಿ ಎಂಜಿನ್ನಿನ ಸುತ್ತ ಪೆಟ್ರೋಲಿನ ಆವಿ ಇರುತ್ತದೆ.

ನಮ್ಮ ಕಾರಿನಲ್ಲಿ ಎರಡನೆಯ ಬಲ್ಬು ಸ್ಥಿರವಾಗಿ ಉರಿಯಿತು. ಫೈಬರ್ ಮೈಯ ಕಾರು ಎಂದಾಗ ಇಲ್ಲಿ ಮೊದಲು ನೆನಪಾಗುವುದು ಭೂಸಂಪರ್ಕ. ಉಕ್ಕಿನ ಕಾರಿನಲ್ಲಿ ಇಡೀ ಮೈಯೇ ವಿದ್ಯುತ್ತು ಮರಳುವ ದಾರಿ. ಗಾಜುನಾರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಎಂಜಿನ್ ಕೂಡ ರಬ್ಬರಿನ ಮೇಲೆ ಕೂತಿರುತ್ತದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಸಡಿಲವಾದರೆ ಎಲ್ಲವೂ ಕೆಡುತ್ತದೆ. ಆದರೆ ಕಾರು ಸತ್ತ ಕೂಡಲೇ ಕೀಲಿ ತಿರುಗಿಸಿದಾಗ ಸ್ಟಾರ್ಟರು ಗಟ್ಟಿಯಾಗಿ ತಿರುಗಿತಲ್ಲ! ಸ್ಟಾರ್ಟರಿನ ಭಾರೀ ಹರಿವೂ ಆ ಪಟ್ಟಿಯ ಮೂಲಕವೇ ಮರಳಬೇಕು. ಅಷ್ಟು ದೊಡ್ಡ ಹರಿವಿಗೆ ದಾರಿ ಕೊಟ್ಟ ಪಟ್ಟಿ ಪಾಯಿಂಟಿನ ನಾಲ್ಕು ಆಂಪಿಯರಿಗೆ ಇಲ್ಲವೆನ್ನುವುದಿಲ್ಲ. ಪಟ್ಟಿಯೂ ಮನೆಗೆ ಹೋಯಿತು.

ಇನ್ನುಳಿದದ್ದು ಡಿಸ್ಟ್ರಿಬ್ಯೂಟರಿನ ಒಳಗೆ ಬೆರಳುದ್ದದ ದಾರಿ. ಅಲ್ಲೊಂದು ಮೆತ್ತನೆಯ ಪುಟ್ಟ ತಂತಿಯಿದೆ. ಪಾಯಿಂಟು ಕೂತಿರುವ ತಟ್ಟೆ ಹಲವು ಕಾರುಗಳಲ್ಲಿ ಸ್ಥಿರವಲ್ಲ. ಎಂಜಿನ್ ಎಳೆಯುವ ಗಾಳಿಯ ಸೆಳೆತಕ್ಕೆ ತಕ್ಕಂತೆ ಆಚೀಚೆ ಹೊರಳಿ ಕಿಡಿಯ ಹೊತ್ತನ್ನು ಹಿಂದುಮುಂದು ಮಾಡುತ್ತದೆ. ನೀವು ಆಕ್ಸಿಲರೇಟರನ್ನು ಒತ್ತಿ ಬಿಟ್ಟಾಗಲೆಲ್ಲ ತಟ್ಟೆ ಹೊರಳುತ್ತದೆ, ತಂತಿ ಬಾಗುತ್ತದೆ. ಘಟ್ಟದ ತಿರುವುಗಳಲ್ಲಿ ದಿನಕ್ಕೆ ಎಷ್ಟು ಸಲ? ವರ್ಷಗಟ್ಟಲೆ ಬಾಗಿ ಬಾಗಿ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಹೊದಿಕೆ ಮಾತ್ರ ಅಖಂಡವಾಗಿರುತ್ತದೆ, ಕಣ್ಣಿಗೆ ಏನೂ ಕಾಣದು. ತಣ್ಣಗಿರುವಾಗ ತುಂಡಾದ ತುದಿಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ, ಕಾರು ಓಡುತ್ತದೆ. ಬಿಸಿಯಾದಾಗ ಪ್ಲಾಸ್ಟಿಕ್ ಹೊದಿಕೆ ತಾಮ್ರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಒಳಗಿನ ತುದಿಗಳು ಕೂದಲೆಳೆಯಷ್ಟು ದೂರ ಸರಿಯುತ್ತವೆ. ಅಷ್ಟಕ್ಕೇ ಕಿಡಿ ಮಾಯ. ಬಾನೆಟ್ಟು ಎತ್ತಿ ಕಾದರೆ ಹೊದಿಕೆ ಕುಗ್ಗುತ್ತದೆ, ತುದಿಗಳು ಮತ್ತೆ ಕೂಡುತ್ತವೆ.

ನಮ್ಮ ದೂರದರ್ಶನದ ಧ್ವನಿಮುದ್ರಣದವರಿಗೆ ಈ ದೋಷ ಹಳೆಯ ನೆಂಟ. ಮೈಕಿನ ತಂತಿ ಪ್ಲಗ್ಗಿನ ಬುಡದಲ್ಲಿ ಹೊದಿಕೆಯೊಳಗೆ ಮುರಿದಿರುತ್ತದೆ. ಪರೀಕ್ಷಿಸುವಾಗ ಸರಿ, ಅತಿಥಿ ಕುರ್ಚಿಯಲ್ಲಿ ಸರಿದು ಕೂತಾಗ ಗರಗರ. ನನ್ನ ಅನುಭವದಲ್ಲಿ ತಂತಿ ಮುರಿಯುವುದು ಬಹುಪಾಲು ಬಾಗುವ ಜಾಗದಲ್ಲೇ.

ಈಗ ಅನುಮಾನವನ್ನು ಸಾಬೀತು ಮಾಡಬೇಕು. ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿ ಆ ದಾರಿಗೆ ಓಮ್ ಮೀಟರು ಜೋಡಿಸಿ, ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಬೇಕು. ಮೊದಲು ಮೀಟರು ಸೊನ್ನೆಯ ಹತ್ತಿರ ನಿಂತಿತ್ತು. ಬಿಸಿಯೇರಿದಂತೆ ನಡುಗಿ, ಒಮ್ಮೆಲೇ ಅನಂತಕ್ಕೆ ಹಾರಿತು. ತಣ್ಣಗಾಗಲು ಬಿಟ್ಟರೆ ಮರಳಿ ಸೊನ್ನೆ. ದೇವಿಮನೆ ಘಟ್ಟವೇ ಮೇಜಿನ ಮೇಲೆ ಬಂದು ಕೂತಂತೆ! ಬೇಕೆಂದಾಗ ಬರಿಸಬಲ್ಲ, ಬೇಡವೆಂದಾಗ ಕಳಿಸಬಲ್ಲ ದೋಷ ಇನ್ನು ಅಡಗಿದ ದೋಷವಲ್ಲ.

ತಂತಿ ಬದಲಿಸುವಾಗಲೂ ವಿಜ್ಞಾನ ಬೇಕು. ಕೈಗೆ ಸಿಕ್ಕ ಒಂಟಿ ಎಳೆಯ ಗಡಸು ತಂತಿ ಹಾಕಿದರೆ ಸ್ವಲ್ಪ ಕಾಲದಲ್ಲೇ ಅದೂ ಮುರಿಯುತ್ತದೆ. ಒಂದೇ ತಿರುವಿಗೆ ಬಾಗಿಸಿದಾಗ ಎಳೆ ದಪ್ಪವಾದಷ್ಟೂ ಅದರ ಹೊರಮೈ ಹೆಚ್ಚು ಹಿಗ್ಗಬೇಕು, ಬೇಗ ದಣಿಯುತ್ತದೆ. ಆದ್ದರಿಂದ ಬಹಳ ತೆಳುವಾದ ಹಲವು ಎಳೆಗಳ, ಬಿಸಿ ತಾಳುವ ಹೊದಿಕೆಯ ತಂತಿ ಬೇಕು. ಅದರ ಬೆಲೆ ಬದಲಿಸಿದ ಪಂಪಿನ ಬೆಲೆಯ ಮುಂದೆ ಏನೇನೂ ಅಲ್ಲ.

ರಿಪೇರಿಯಾದ ಮೇಲೆ ಕಾರನ್ನು ಘಟ್ಟದಲ್ಲಿ ಎಷ್ಟು ಸಲ ಏರಿಸಿದರೆ ನಂಬಬಹುದು? ಮೊದಲು ನಾಲ್ಕರಲ್ಲಿ ಮೂರು ಸಲ ನಿಲ್ಲುತ್ತಿತ್ತು. ದೋಷ ಇನ್ನೂ ಉಳಿದಿದ್ದರೆ ಸತತವಾಗಿ ಮೂರು ಸಲ ನಿಲ್ಲದೆ ಏರುವ ಸಂಭವ ನಾಲ್ಕರಲ್ಲೊಂದರ ಘನ, ಅಂದರೆ 64ರಲ್ಲಿ 1. ಮೂರು ಏರು ಸಾಕೆನ್ನಬಹುದು. ಆದರೆ ನಾಲ್ಕಕ್ಕೆ ಒಂದೇ ಸಲ ನಿಲ್ಲುವ ಕಾರಾಗಿದ್ದರೆ? ದೋಷ ಹಾಗೇ ಇದ್ದರೂ ಮೂರು ಏರು ಸುಗಮವಾಗುವ ಸಂಭವ 64ರಲ್ಲಿ 27. 'ಮೂರು ಸಲ ಹೋಗಿಬಂದೆ, ಸರಿಯಾಗಿದೆ' ಎಂಬ ಮಾತು ಆಗ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಅಪರೂಪಕ್ಕೆ ಬರುವ ದೋಷ ವಾಸಿಯಾಯಿತೆಂದು ಹೇಳಲು ಹೆಚ್ಚು ಪ್ರಯೋಗ ಬೇಕು. ಎಷ್ಟು ಬೇಕು ಎಂಬ ಲೆಕ್ಕವನ್ನು ನೀವೇ ಮಾಡಿ ನೋಡಿ.

ಇಂದಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬ್ಯುರೇಟರೂ ಇಲ್ಲ, ಕಂಪ್ಯೂಟರಿದೆ. ದೋಷದ ಸಂಕೇತವನ್ನು ಅದೇ ಬರೆದಿಡುತ್ತದೆ ಎಂದು ನೀವು ಕೇಳಬಹುದು. ನಿಜ. ಆದರೆ ಸಂಕೇತ ಹೇಳುವುದು ಯಾವ ವರ್ತುಲದಲ್ಲಿ ತೊಂದರೆ ಎಂಬುದನ್ನು, ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ಎಂಜಿನ್ ತಿರುಗುವ ಸ್ಥಾನವನ್ನು ತಿಳಿಸುವ ಸಂವೇದಕವೊಂದು ಈಗಿನ ಕಾರುಗಳಲ್ಲಿದೆ. ಅದು ಹಳತಾದಾಗ ಬಿಸಿಗೆ ಕೈಕೊಡುವುದ, ತಣ್ಣಗಾದಾಗ ಸರಿಹೋಗುವುದು ಮೆಕ್ಯಾನಿಕ್ಕರಿಗೆ ಚೆನ್ನಾಗಿ ಪರಿಚಿತ. ಅಲ್ಲಿಯೂ ಸಂವೇದಕ ಕೆಟ್ಟಿದೆಯೋ ಅದರ ತಂತಿ ಮುರಿದಿದೆಯೋ ಎಂಬುದನ್ನು ಮನುಷ್ಯನೇ ನೋಡಬೇಕು.

ಶಿರಸಿ ಸೀಮೆಯ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ದೋಷವೂ ಬರುತ್ತದೆ. ಬೆಳಗ್ಗೆ ತಣ್ಣಗೆ, ಒದ್ದೆಯಾಗಿರುವಾಗ ಎಂಜಿನ್ ತಡವರಿಸುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಪ್ಲಗ್ಗಿನ ತಂತಿಗಳ ಹಳೆಯ ಹೊದಿಕೆಯ ಬಿರುಕಿನಲ್ಲಿ, ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ತೇವ ಕೂತು ಕಿಡಿಗೆ ಅಡ್ಡದಾರಿ ಕೊಡುತ್ತಿರುತ್ತದೆ. ಹಗಲಿನಲ್ಲಿ ಎಷ್ಟು ನೋಡಿದರೂ ಕಾಣದು. ಅದಕ್ಕೆ ಬೇಕಾದದ್ದು ಬಾಗಿಲು ತೆರೆದ, ಗಾಳಿಯಾಡುವ ಕೊಟ್ಟಿಗೆ ಮತ್ತು ರಾತ್ರಿಯ ಕತ್ತಲೆ. ಎಂಜಿನ್ ಚಾಲೂ ಮಾಡಿ, ಬಾನೆಟ್ಟು ಎತ್ತಿ, ದೀಪಗಳನ್ನೆಲ್ಲ ಆರಿಸಿ, ಕೈ ಹಿಂದೆ ಕಟ್ಟಿಕೊಂಡು ದೂರದಿಂದ ನೋಡುತ್ತ ನಿಲ್ಲಬೇಕು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಸೋರಿಕೆ ಇರುವ ಕಡೆ ತಂತಿಯ ಮೇಲೆ ಮಿಂಚುಹುಳದಂಥ ನೀಲಿ ಕಿಡಿಗಳು ಓಡಾಡುವುದು ಕಾಣುತ್ತದೆ.